ಹೆಪ್ಸಿಡಿನ್ ಹಾಕಿದರೂ ಫೆರೋಪೋರ್ಟಿನ್ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹೆಪ್ಸಿಡಿನ್ ಎಂದರೆ ಮೈಯ ಕಬ್ಬಿಣವನ್ನು ನಿಯಂತ್ರಿಸುವ ಹಾರ್ಮೋನ್; ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಹೆಪ್ಸಿಡಿನ್ ರಿಕಾಂಬಿನೆಂಟ್ ಪ್ರೋಟೀನ್ ತರಿಸಿದ್ದೆವು. ಲೇಬಲ್ ಮೇಲೆ ಶುದ್ಧತೆ ಶೇ 95ಕ್ಕಿಂತ ಹೆಚ್ಚು, ತೂಕ 30 ಕಿಲೋಡಾಲ್ಟನ್ ಎಂದಿದೆ. ಪ್ರತಿ ಮಿಲಿಲೀಟರಿಗೆ 1 ಮೈಕ್ರೊಗ್ರಾಂನಂತೆ ಹಾಕಿ ರಾತ್ರಿಯಿಡೀ ಬಿಟ್ಟೆ. ಜೀವಕೋಶದಿಂದ ಕಬ್ಬಿಣವನ್ನು ಹೊರಬಿಡುವ ಪ್ರೋಟೀನ್ ಆದ ಫೆರೋಪೋರ್ಟಿನ್‌ನ ಜೀನ್ ಸೇರಿಸಿದ ಎಚ್‌ಇಕೆ 293 ಎಂಬ ಮಾನವ ಜೀವಕೋಶಗಳಲ್ಲಿ ಏನೂ ಆಗಲಿಲ್ಲ. ಇಲಿಯ ಮ್ಯಾಕ್ರೋಫೇಜ್‌ಗಳಲ್ಲಿ (ರೋಗನಿರೋಧಕ ಜೀವಕೋಶಗಳು) ಫೆರೋಪೋರ್ಟಿನ್ ಚೆನ್ನಾಗಿಯೇ ಇಳಿಯಿತು, ಆದರೆ ಕುದಿಸಿದ ಪ್ರೋಟೀನ್ ಹಾಕಿದಾಗಲೂ ಅಷ್ಟೇ ಇಳಿಯಿತು. ತಪ್ಪು ನನ್ನ ಕೈಯದೋ, ವಯಲ್‌ನದೋ?

ಉತ್ತರ: ನಿಮ್ಮ ಕೈಯದಲ್ಲ. ಕುದಿಸಿದ ಕಂಟ್ರೋಲ್ ಇಟ್ಟಿದ್ದು ನಿಮ್ಮ ಜಾಣತನ. ಅದಿಲ್ಲದಿದ್ದರೆ ಮ್ಯಾಕ್ರೋಫೇಜ್‌ನ ಬ್ಲಾಟ್ (ಪ್ರೋಟೀನ್ ಎಷ್ಟಿದೆ ಎಂದು ತೋರಿಸುವ ಪಟ್ಟಿ) ನೋಡಿ ‘ಕೆಲಸ ಮಾಡಿತು’ ಎಂದು ಬರೆದುಬಿಡುತ್ತಿದ್ದಿರಿ.

ಮೊದಲು ಆ 30 ಕಿಲೋಡಾಲ್ಟನ್ ನೋಡೋಣ. ನಮ್ಮ ರಕ್ತದಲ್ಲಿ ಓಡಾಡುವ ಹೆಪ್ಸಿಡಿನ್‌ನಲ್ಲಿರುವುದು ಬರೀ 25 ಅಮೈನೋ ಆಮ್ಲ, ತೂಕ ಸುಮಾರು 2.8 ಕಿಲೋಡಾಲ್ಟನ್. ಲಿವರ್ ಅದನ್ನು 84 ಅಮೈನೋ ಆಮ್ಲಗಳ ಉದ್ದನೆಯ ರೂಪದಲ್ಲಿ ಕಟ್ಟಿ, ಕತ್ತರಿಸಿ, ಕೊನೆಯ ತುಂಡನ್ನಷ್ಟೇ ಹೊರಗೆ ಬಿಡುತ್ತದೆ. ನಿಮ್ಮ ವಯಲ್‌ನಲ್ಲಿರುವುದರ ಬಹುಪಾಲು ಜಿಎಸ್‌ಟಿಯಂಥ (ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್) ಒಂದು ಟ್ಯಾಗ್, ಅಂದರೆ ಶುದ್ಧೀಕರಣಕ್ಕೆಂದು ಜೋಡಿಸುವ ಬೇರೊಂದು ಪ್ರೋಟೀನ್ ಇರಬೇಕು, ಅದೊಂದೇ ಸುಮಾರು 26 ಕಿಲೋಡಾಲ್ಟನ್ ತೂಗುತ್ತದೆ. ಈಗ ಲೆಕ್ಕ ಹಾಕಿ. ನಿಜವಾದ ಹೆಪ್ಸಿಡಿನ್ 1 ಮೈಕ್ರೊಗ್ರಾಂ ಹಾಕಿದ್ದರೆ 360 ನ್ಯಾನೊಮೋಲಾರ್ ಆಗುತ್ತಿತ್ತು. ನೀವು ಹಾಕಿದ್ದು 33ರ ಆಸುಪಾಸು. ಯಾರದೋ ಪ್ರಬಂಧದಲ್ಲಿ ಮೈಕ್ರೊಗ್ರಾಂನಲ್ಲಿ ಕೊಟ್ಟ ಪ್ರಮಾಣವನ್ನು ಹಾಗೆಯೇ ಇಳಿಸಿಕೊಂಡರೆ ಹೀಗಾಗುತ್ತದೆ. ಮೋಲ್‌ನಲ್ಲೇ ಲೆಕ್ಕ ಇಡಿ.

ಹಾಗೆಂದು ಪ್ರಮಾಣ ಹತ್ತು ಪಟ್ಟು ಏರಿಸಿದರೆ ಸರಿಹೋಗುತ್ತದೆಂದು ನನಗನಿಸುವುದಿಲ್ಲ. ಹೆಪ್ಸಿಡಿನ್ ನೇರವಾಗಿ ಫೆರೋಪೋರ್ಟಿನ್‌ಗೇ ಅಂಟಿಕೊಂಡು ಅದನ್ನು ಜೀವಕೋಶದೊಳಕ್ಕೆ ಎಳೆಸಿ ನಾಶಮಾಡಿಸುತ್ತದೆ ಎಂದು 2004ರಲ್ಲಿ ಎಲಿಜಬೆಟಾ ನೆಮೆತ್, ಟೊಮಾಸ್ ಗ್ಯಾಂಜ್ ಮತ್ತು ಸಂಗಡಿಗರು ತೋರಿಸಿದರು. ಅಂಟಿಕೊಳ್ಳಲು ಬೇಕಾದದ್ದು ಅದರ ಮೊದಲ ತುದಿ. ಆ ತುದಿಯ ಐದು ಅಮೈನೋ ಆಮ್ಲ ಕಳೆದುಹೋದ, 20ರ ಉದ್ದದ ಹೆಪ್ಸಿಡಿನ್ ನಿಷ್ಪ್ರಯೋಜಕ. ಜಿಎಸ್‌ಟಿ ಟ್ಯಾಗ್ ಸಾಮಾನ್ಯವಾಗಿ ಕೂರುವುದೂ ಅದೇ ತುದಿಯಲ್ಲಿ, ಬೀಗದ ಕೈಯ ಹಲ್ಲಿನ ಮೇಲೆ ಮೇಣ ಮೆತ್ತಿದ ಹಾಗೆ. ಕೊನೆಯ ತುದಿಗೆ ಟ್ಯಾಗ್ ಹಾಕಿಸಿದರೂ ಕ್ಷೇಮವಲ್ಲ. ಹೆಪ್ಸಿಡಿನ್‌ನ ಕೊನೆಯ ತುದಿ ಫೆರೋಪೋರ್ಟಿನ್ ಒಳಗಿನ ಲೋಹದ ಅಯಾನನ್ನೇ ಹಿಡಿದುಕೊಳ್ಳುತ್ತದೆ ಎಂದು 2020ರ ಕ್ರಯೋ-ಇಎಂ (ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ) ಚಿತ್ರಗಳಲ್ಲಿ ಕಂಡಿದೆ.

ಇನ್ನು ಮಡಿಕೆಯ ಮಾತು. ಈ 25ರಲ್ಲಿ ಎಂಟು ಸಿಸ್ಟೀನ್, ಅಂದರೆ ಗಂಧಕವಿರುವ ಅಮೈನೋ ಆಮ್ಲ. ಅವು ಜೋಡಿಯಾಗಿ ನಾಲ್ಕು ಡೈಸಲ್ಫೈಡ್ ಬಂಧ ಕಟ್ಟಿಕೊಳ್ಳಬೇಕು: 7–23, 10–13, 11–19, 14–22. ಇ. ಕೋಲಿಯ ಒಡಲಲ್ಲಿ ಇಂಥ ಬಂಧ ಕೂಡುವುದೇ ಕಷ್ಟ. ಪ್ರೋಟೀನ್ ಮುದ್ದೆಗಟ್ಟುತ್ತದೆ, ಅದನ್ನು ಬಿಡಿಸಿ ಮತ್ತೆ ಮಡಿಸಬೇಕಾಗುತ್ತದೆ. ಎಂಟು ಸಿಸ್ಟೀನ್‌ಗಳು ಜೋಡಿಯಾಗಲು 105 ದಾರಿಗಳಿವೆ, ಬೇಕಾದ್ದು ಒಂದೇ. ತಪ್ಪಾಗಿ ಮಡಿಸಿದ್ದೂ ಜೆಲ್ ಮೇಲೆ ಚೊಕ್ಕಟ ಪಟ್ಟಿಯಾಗಿಯೇ ಓಡುತ್ತದೆ. ಆ ಶೇ 95 ಹೇಳುವುದು ಬೇರೆ ಪ್ರೋಟೀನ್ ಬೆರೆತಿಲ್ಲ ಎಂದಷ್ಟೇ. ಮಾಸ್ ಸ್ಪೆಕ್ ಮಾಡಿಸಿದರೆ ಇನ್ನೊಂದಿಷ್ಟು ತಿಳಿಯುತ್ತದೆ. ಟ್ಯಾಗ್ ಇಲ್ಲದ ಹೆಪ್ಸಿಡಿನ್‌ನಲ್ಲಿ ನಾಲ್ಕೂ ಬಂಧ ಕೂಡಿದ್ದರೆ ತೂಕ 2789 ಡಾಲ್ಟನ್, ಒಂದೂ ಕೂಡದಿದ್ದರೆ 2797. ಯಾವುದು ಯಾವುದರ ಜೊತೆ ಕೂಡಿದೆ ಎಂಬುದು ಅದರಲ್ಲೂ ಕಾಣದು, ಹಾಗಾಗಿ ಕೊನೆಗೆ ಜೀವಕೋಶವನ್ನೇ ಕೇಳಬೇಕು.

ಹಾಗಾದರೆ ಮ್ಯಾಕ್ರೋಫೇಜ್‌ಗಳಲ್ಲಿ ಇಳಿಸಿದ್ದು ಯಾರು? ನನ್ನ ಅನುಮಾನವೆಲ್ಲ ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷದ ಮೇಲೆ. ಅದು ಇ. ಕೋಲಿಯ ಹೊರಪೊರೆಯಿಂದ ಜೊತೆಗೇ ಬರುತ್ತದೆ, ಕುದಿಸಿದರೆ ಜಗ್ಗುವುದಿಲ್ಲ. ಮ್ಯಾಕ್ರೋಫೇಜ್ ಅದನ್ನು ಟಿಎಲ್‌ಆರ್ 4 ಎಂಬ ಗ್ರಾಹಕದ ಮೂಲಕ ಗುರುತು ಹಿಡಿದು ಫೆರೋಪೋರ್ಟಿನ್‌ನ ಎಂಆರ್‌ಎನ್‌ಎಯನ್ನೇ ತಗ್ಗಿಸುತ್ತದೆ, ಹೆಪ್ಸಿಡಿನ್ ಇರಲಿ ಬಿಡಲಿ. ಎಚ್‌ಇಕೆ 293ರಲ್ಲಿ ಟಿಎಲ್‌ಆರ್ 4 ಇಲ್ಲ, ಅದಕ್ಕೇ ಅಲ್ಲಿ ಸದ್ದಿಲ್ಲ. ನಿಮ್ಮ ಎರಡೂ ಫಲಿತಾಂಶ ಒಂದಕ್ಕೊಂದು ಹೊಂದುವುದು ಹೀಗೆ.

ಈ ಮೋಸಕ್ಕೆ ನಾನೂ ಸಿಕ್ಕಿದ್ದೇನೆ. ಒಮ್ಮೆ ಮೂರು ತಿಂಗಳ ಬ್ಲಾಟ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ, ಬರೀ ಬಫರ್ ಹಾಕಿದ ಸಾಲು ಬಿಟ್ಟರೆ ಉಳಿದೆಲ್ಲ ಸಾಲೂ ಒಂದೇ ಥರ ಮಸುಕಾಗಿದ್ದು ಕಣ್ಣಿಗೆ ಹೊಡೆಯಿತು. ಆವತ್ತಿನ ಸಂಕಟ ಇನ್ನೂ ನೆನಪಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ವಯಲ್ ಪಕ್ಕಕ್ಕಿಡಿ. ಆ್ಯಂಟಿಬಾಡಿ ಪರೀಕ್ಷಿಸಲು ಬಂದೀತು, ಇದಕ್ಕೆ ಬೇಡ. ಟ್ಯಾಗ್ ಇಲ್ಲದ, ಸರಿಯಾಗಿ ಮಡಿಸಿದ, 25 ಅಮೈನೋ ಆಮ್ಲದ ಹೆಪ್ಸಿಡಿನ್ ತರಿಸಿ. ಇಷ್ಟು ಚಿಕ್ಕದಕ್ಕೆ ರಾಸಾಯನಿಕವಾಗಿ ಜೋಡಿಸಿದ ಪೆಪ್ಟೈಡೇ ಮೇಲು ಎಂಬುದು ನನ್ನ ಅಭಿಪ್ರಾಯ. ಎಂಡೋಟಾಕ್ಸಿನ್ ಮಟ್ಟವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಂಟ್ರೋಲ್‌ಗೆ ಕುದಿಸಿದ್ದೊಂದೇ ಸಾಲದು, ನಾಲ್ಕು ಬಂಧಗಳ ಹೆಪ್ಸಿಡಿನ್ ಕುದಿತಕ್ಕೆ ಬಗ್ಗುತ್ತದೆಂಬ ಭರವಸೆಯಿಲ್ಲ. ಬಂಧಗಳನ್ನು ಡಿಟಿಟಿ (ಡೈಥಯೋಥ್ರೀಟಾಲ್) ಎಂಬ ರಾಸಾಯನಿಕದಿಂದ ಬಿಡಿಸಿ, ಮತ್ತೆ ಕೂಡದಂತೆ ಅಯೊಡೊಅಸಿಟಮೈಡ್ ಹಾಕಿ, ಆ ರಾಸಾಯನಿಕಗಳನ್ನು ತೆಗೆದು ಬಳಸಿ. ಮೊದಲ ಪರೀಕ್ಷೆ ಎಚ್‌ಇಕೆಯಲ್ಲೇ ಆಗಲಿ.

ವಯಲ್ ತೆರೆಯುವ ಮುನ್ನ ಒಂದು ಸುತ್ತು ಸೆಂಟ್ರಿಫ್ಯೂಜ್ ಮಾಡಿ. ಹತ್ತು ಮೈಕ್ರೊಗ್ರಾಂ ಪುಡಿ ಕಣ್ಣಿಗೆ ಕಾಣುವುದೇ ಇಲ್ಲ, ಮುಚ್ಚಳಕ್ಕೆ ಅಂಟಿದ್ದರೆ ಹೋದಂತೆಯೇ. ಹೆಪ್ಸಿಡಿನ್ ಪ್ಲಾಸ್ಟಿಕ್‌ಗೆ ಅಂಟುವ ಸ್ವಭಾವದ್ದು, ತೆಳು ದ್ರಾವಣವಾದರೆ ಸ್ವಲ್ಪ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್) ಬೆರೆಸಿ, ಲೋ-ಬೈಂಡ್ ಟ್ಯೂಬ್ ಬಳಸಿ. ಹಾಂ, ಬ್ಲಾಟ್‌ಗೆ ಹಾಕುವ ಸ್ಯಾಂಪಲ್ ಕುದಿಸಬೇಡಿ. ಫೆರೋಪೋರ್ಟಿನ್ ಪೊರೆಯನ್ನು ಹನ್ನೆರಡು ಸಲ ದಾಟುವ ಪ್ರೋಟೀನ್, ಕುದಿಸಿದರೆ ಗಂಟಾಗಿ ಬಾವಿಯಲ್ಲೇ ನಿಲ್ಲುತ್ತದೆ.

ಪ್ರಶ್ನೆ: ಮಗಳಿಗೆ ಹಿಮೋಗ್ಲೋಬಿನ್ 8 ಇದೆ. ಕಬ್ಬಿಣದ ಅಂಶ ನಿಯಂತ್ರಿಸುವ ಹೆಪ್ಸಿಡಿನ್ ಆನ್‌ಲೈನ್‌ನಲ್ಲಿ ಸಿಗುತ್ತದಂತೆ. ಕೊಡಬಹುದೇ?

ಉತ್ತರ: ಬೇಡ ತಾಯಿ, ಖಂಡಿತ ಬೇಡ. ಅದು ಪ್ರಯೋಗಾಲಯಕ್ಕೆ ಮಾತ್ರ ಮಾರುವ ವಸ್ತು, ಮನುಷ್ಯರ ಮೈಗೆ ಹೋಗಬಾರದು. ಅದರ ಕೆಲಸವೂ ನಿಮಗೆ ಬೇಕಾದ್ದಕ್ಕೆ ಉಲ್ಟಾ: ಕರುಳಿನಿಂದ ರಕ್ತಕ್ಕೆ ಕಬ್ಬಿಣ ಸೇರುವ ಬಾಗಿಲನ್ನು ಅದು ಮುಚ್ಚುತ್ತದೆ. ಇಲಿಗಳಿಗೆ ಒಂದೇ ಸಲ ಚುಚ್ಚಿದಾಗ ಗಂಟೆಯೊಳಗೆ ರಕ್ತದ ಕಬ್ಬಿಣ ಕುಸಿದಿತ್ತು.

ಹಿಮೋಗ್ಲೋಬಿನ್ 8 ಎಂದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಫೆರಿಟಿನ್ (ಮೈಯ ಕಬ್ಬಿಣದ ದಾಸ್ತಾನು ತಿಳಿಸುವ) ಪರೀಕ್ಷೆ ಬೇಕೇ ಎಂದು ಕೇಳಿ. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಮೈಯೊಳಗಿನ ಹೆಪ್ಸಿಡಿನ್ ಏರಿರುತ್ತದೆ, ಮರುದಿನದ ಮಾತ್ರೆ ಅಷ್ಟಾಗಿ ಹತ್ತುವುದಿಲ್ಲ. ಹಾಗಾಗಿ ಕೆಲವು ವೈದ್ಯರು ದಿನ ಬಿಟ್ಟು ದಿನ ಕೊಡುತ್ತಾರೆ. ಮಗಳಿಗೆ ಅದು ಹೊಂದುತ್ತದೆಯೇ ಎಂದು ಅವರನ್ನೇ ಕೇಳಿ, ನೀವಾಗಿ ಬದಲಿಸಬೇಡಿ.