ಸ್ಲೋ ಕುಕ್ಕರಿನಲ್ಲಿ ಮೊಸರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಮೊಸರು ಗಟ್ಟಿಯಾಗುವುದೇ ಇಲ್ಲ. ಅದಕ್ಕೇ ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಪಿಂಗಾಣಿ ಪಾತ್ರೆಯ ಕುಕ್ಕರ್) ತಗೊಂಡೆ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ ರಾತ್ರಿಯೆಲ್ಲ ‘ವಾರ್ಮ್’ನಲ್ಲಿ ಇಟ್ಟೆ. ಬೆಳಿಗ್ಗೆ ನೋಡಿದರೆ ಹರಳು ಹರಳಾಗಿ ಒಡೆದು ಹಳದಿ ನೀರು ಬಿಟ್ಟಿತ್ತು. ಕುಕ್ಕರ್ ಸರಿ ಇಲ್ವಾ, ಪ್ಯಾಕೆಟ್ ಹಾಲಿನ ದೋಷವಾ?
– ಓದುಗಿ, ಚಿತ್ರದುರ್ಗ

ಉತ್ತರ: ಎರಡೂ ಅಲ್ಲ ಮೇಡಂ, ಆ ‘ವಾರ್ಮ್’ ಬಟನ್ನೇ ಕಾರಣ. ಅದು ಇರುವುದು ಬೆಂದ ಸಾರು, ಪಲ್ಯವನ್ನು ಬಿಸಿಯಾಗಿ ಇಡುವುದಕ್ಕೆ. ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು 40ರಿಂದ 45 ಡಿಗ್ರಿ ಅಷ್ಟೇ, 55 ದಾಟಿದರೆ ಸಾಯಲು ಶುರು. ನಿಮ್ಮ ಹಾಲು ಮೊದಮೊದಲು ಸ್ವಲ್ಪ ಹುಳಿಯಾಗಿದೆ, ಆಮೇಲೆ ಬಿಸಿ ಏರಿದ್ದಕ್ಕೆ ಒಡೆದಿದೆ.

ಸ್ಲೋ ಕುಕ್ಕರಿಗೆ ಕರೆಂಟ್ ಬೇಕಿರುವುದು ಹಾಲು ಕಾಯಿಸುವಾಗ ಮಾತ್ರ. 2 ಲೀಟರ್ ಹಾಲು ಹಾಕಿ ‘ಲೋ’ನಲ್ಲಿ ಇಡಿ, ಎರಡೂವರೆಯಿಂದ ಮೂರು ಗಂಟೆಯಲ್ಲಿ ಸುಮಾರು 82 ಡಿಗ್ರಿ ಮುಟ್ಟುತ್ತದೆ. ಗ್ಯಾಸ್ ಮೇಲೆ ಕಾಯಿಸಿದರೆ ಇಷ್ಟು ಹೊತ್ತು ಬೇಡ, ಆದರೆ ಇಲ್ಲಿ ತಳ ಹಿಡಿಯುವುದಿಲ್ಲ, ಉಕ್ಕುತ್ತದೆ ಅಂತ ಕಾಯುತ್ತಾ ನಿಲ್ಲಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಧಾನಕ್ಕೆ ಚೆನ್ನಾಗಿ ಕಾದ ಹಾಲಿನಲ್ಲಿ, ತಿಳಿನೀರಿನ ಜೊತೆ ಹೋಗಬೇಕಾದ ಪ್ರೊಟೀನ್ ಕೂಡ ಕೇಸಿನ್ ಅನ್ನುವ ಹಾಲಿನ ಮುಖ್ಯ ಪ್ರೊಟೀನಿಗೆ ಅಂಟಿಕೊಳ್ಳುತ್ತದೆ, ಮೊಸರು ಗಟ್ಟಿ ಬರುವುದು ಅದರಿಂದಲೇ. ಆಮೇಲೆ ಸ್ವಿಚ್ ಆರಿಸಿ ಪ್ಲಗ್ ತೆಗೆಯಿರಿ. ಇನ್ನು ಅದನ್ನು ಹಾಕುವ ಕೆಲಸವೇ ಇಲ್ಲ.

ಈಗ ತಾಳ್ಮೆ ಬೇಕು. ಪಿಂಗಾಣಿ ಪಾತ್ರೆ ಬೇಗ ಆರುವುದಿಲ್ಲ, ಹಾಲು 45 ಡಿಗ್ರಿಗೆ ಇಳಿಯಲು ಎರಡು ಮೂರು ಗಂಟೆ ಹಿಡಿಯುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಸ್ವಲ್ಪ ಹಾಲು ಬಟ್ಟಲಿಗೆ ತೆಗೆದು ತೊಳೆದ ಬೆರಳು ಅದ್ದಿ, ಹತ್ತು ಎಣಿಸುವವರೆಗೆ ಆರಾಮಾಗಿ ಇಡಲು ಆಗಬೇಕು. ಎರಡು ದೊಡ್ಡ ಚಮಚ ತಾಜಾ ಮೊಸರನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಸೇರಿಸಿ. ಹೆಪ್ಪು ಜಾಸ್ತಿ ಹಾಕಿದರೆ ಮೊಸರು ಗಟ್ಟಿಯಾಗುತ್ತದೆ ಅನ್ನುವುದು ತಪ್ಪು, ಬೇಗ ಹುಳಿಯಾಗುತ್ತದೆ ಅಷ್ಟೇ. ಮುಚ್ಚಳ ಹಾಕಿ, ಕುಕ್ಕರಿನ ಸಮೇತ ದಪ್ಪ ಟವೆಲ್ ಸುತ್ತಿಡಿ. ನಿಮ್ಮ ಕಡೆಯವರಿಗೆ ಚಳ್ಳಕೆರೆ ಕಂಬಳಿ ಇದ್ದೇ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯದು ಯಾವುದು! ಎಂಟು ಗಂಟೆ ಅಲುಗಾಡಿಸಬೇಡಿ. ನೋಡೋಣ ಅಂತ ಮುಚ್ಚಳ ತೆಗೆದಷ್ಟೂ ಬಿಸಿ ಹೋಗುತ್ತದೆ. ಅರ್ಧ ಲೀಟರಿಗೆ ಇದೆಲ್ಲ ಮಾಡಬೇಡಿ, ಅಷ್ಟು ಕಡಿಮೆ ಹಾಲು ಬೇಗ ತಣ್ಣಗಾಗಿ ಮತ್ತೆ ನೀರು ನೀರೇ ಆಗುತ್ತದೆ.

ಹಾಲಿನ ವಿಷಯ: ಟೋನ್ಡ್ ಹಾಲಿನಲ್ಲಿ ಕೊಬ್ಬು 3%, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5%, ಫುಲ್ ಕ್ರೀಮ್‌ನಲ್ಲಿ 6%. ಮೊಸರಿಗೆ ನಡುವಿನದು ಸಾಕು.

ಪ್ರಶ್ನೆ: ಮಗ ಅಮೆರಿಕದಿಂದ ಸ್ಲೋ ಕುಕ್ಕರ್ ತಂದಿದ್ದಾನೆ. ಪಿನ್ ಬೇರೆ ಥರ ಇದೆ. ಅಂಗಡಿಯಲ್ಲಿ ಸಿಗುವ ಅಡಾಪ್ಟರ್ ಹಾಕಿದರೆ ಸಾಕಾ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಉತ್ತರ: ಬೇಡ ಸಾರ್, ದಯವಿಟ್ಟು ಹಾಕಬೇಡಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟಾದರೆ ಬಿಸಿ ಸುಮಾರು ನಾಲ್ಕು ಪಟ್ಟಾಗುತ್ತದೆ, ಕಾಯಿಲ್ ಸುಟ್ಟು ಹೋಗಬಹುದು. ಕುಕ್ಕರಿನ ತಳದಲ್ಲಿ ಎಷ್ಟು ವೋಲ್ಟ್, ಎಷ್ಟು ವ್ಯಾಟ್ ಅಂತ ಬರೆದಿರುತ್ತದೆ, ನೋಡಿಕೊಂಡು ಅದಕ್ಕಿಂತ ಜಾಸ್ತಿ ವ್ಯಾಟಿನ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತರಬೇಕು. ಬರೀ ಮೊಸರಿಗಾದರೆ ಆ ಖರ್ಚು ಯಾಕೆ? ಗ್ಯಾಸ್ ಮೇಲೆ ಕಾಯಿಸಿ, ಆರಿಸಿ, ಹೆಪ್ಪು ಹಾಕಿ ಆ ಪಿಂಗಾಣಿ ಪಾತ್ರೆಯಲ್ಲೇ ಸುತ್ತಿಡಿ. ಕುದಿಯುವ ಹಾಲನ್ನು ತಣ್ಣನೆಯ ಪಾತ್ರೆಗೆ ಸುರಿಯಬೇಡಿ, ಬಿರುಕು ಬಿಡುತ್ತದೆ.

ಪ್ರಶ್ನೆ: ಏಪ್ರಿಲ್ ಬಂದರೆ ಮೊಸರು ಬೆಳಿಗ್ಗೆಗೇ ಹುಳಿ. ಕುಕ್ಕರಿನಲ್ಲಿ ಮಾಡಿದರೆ ಸರಿ ಹೋಗುತ್ತದಾ?
– ಓದುಗ, ದಾವಣಗೆರೆ

ಉತ್ತರ: ಇನ್ನೂ ಹುಳಿಯಾಗುತ್ತದೆ! ದಾವಣಗೆರೆ ಬೇಸಿಗೆಯಲ್ಲಿ ಅಡುಗೆಮನೆಯೇ ಸಾಕಷ್ಟು ಬೆಚ್ಚಗಿರುತ್ತದೆ. ಲೀಟರಿಗೆ ಅರ್ಧ ಟೀ ಚಮಚ ಹೆಪ್ಪು ಸಾಕು. ರಾತ್ರಿ ಬದಲು ಬೆಳಿಗ್ಗೆ ಹಾಕಿ, ಐದು ಗಂಟೆ ಬಿಟ್ಟು ನೋಡಿ, ಗಟ್ಟಿಯಾಗಿದ್ದರೆ ಕೂಡಲೇ ಫ್ರಿಜ್ಜಿಗೆ ಇಡಿ. ಮುಂದಿನ ಹೆಪ್ಪಿಗೆ ಬೇಕಾದ ಒಂದು ಚಮಚ ಮಾತ್ರ ಆಗಲೇ ಬೇರೆ ತೆಗೆದಿಡಿ, ಹುಳಿ ಮೊಸರಿನ ಹೆಪ್ಪು ಹಾಕಿದರೆ ಮತ್ತೆ ಹುಳಿ ಮೊಸರೇ.