ತಾತನ ಹಳೆಯ ಕೋವಿ ಅಟ್ಟದಲ್ಲಿ ಸಿಕ್ಕಿದೆ. ಉಜ್ಜಿ ಫೋಟೋ ಹಾಕಿದರೆ ಬೆಲೆ ಹೇಳುತ್ತೀರಾ?

ಉಜ್ಜಬೇಡಿ. ಮಿಕ್ಕ ಮಾತು ಆಮೇಲೆ.

ನೀವು ಬರೆದದ್ದು ಇಷ್ಟು: ಮಳವಳ್ಳಿ ಕಡೆಯ ಅಟ್ಟ, ಗೋಣಿಚೀಲದಲ್ಲಿ ಸುತ್ತಿದ ಜೋಡಿ ನಳಿಗೆ ಕೋವಿ, ತೋಟಾ ತುಂಬುವ ಹಿತ್ತಾಳೆ ಸಾಮಾನಿನ ಪೆಟ್ಟಿಗೆ, ‘ಟಿಪ್ಪು ಕಾಲದ್ದು’ ಎನ್ನುವ ಚಿಕ್ಕಪ್ಪ. ಊರೊಂದು ಬಿಟ್ಟರೆ, ಚಿಕ್ಕಪ್ಪನೂ ಸೇರಿ ಎಲ್ಲವೂ ನಮ್ಮ ಮನೆಯಲ್ಲೂ ಇತ್ತು.

ನಮ್ಮದು ಪಾಂಡವಪುರದ ಹತ್ತಿರದ ಹಳ್ಳಿ. ಕಬ್ಬಿಗೆ ಹಂದಿ ನುಗ್ಗುತ್ತದೆಂದು ತಾತ ಬೆಳೆ ರಕ್ಷಣೆಗೆ ಪರವಾನಗಿ ಮಾಡಿಸಿದ್ದರು. ಅವರ ನಂತರ ಅಪ್ಪ, ಅಪ್ಪನ ನಂತರ ನಾನು. ಕಾಗದಪತ್ರ ನನ್ನ ಹೆಸರಿಗೆ ಆದ ವರ್ಷ ಮೈಸೂರಿನ ಪರವಾನಗಿಯುಳ್ಳ ವ್ಯಾಪಾರಿಯೊಬ್ಬರಿಗೆ ಫೋಟೋ ತೋರಿಸಿದೆ. ‘ನಳಿಗೆಯ ಮೇಲೆ ಹಾವಿನ ಪೊರೆಯಂಥ ಗೆರೆ ಇದೆ, ತನ್ನಿ’ ಎಂದು ಒಂದು ಬೆಲೆಯನ್ನೂ ಹೇಳಿದರು. ದಸರಾ ಮುಗಿಯಲಿ ಎಂದುಕೊಂಡೆ.

ಆಯುಧಪೂಜೆಯ ಹಿಂದಿನ ದಿನ ಮಚ್ಚು, ಕುಡುಗೋಲು ಉಜ್ಜಿದ ಕೈಯಲ್ಲೇ ಕೋವಿಯನ್ನೂ ಹಿಡಿದೆ. ಮೊದಲು ಬಟ್ಟೆಗೆ ಎಣ್ಣೆ ಹಾಕಿ ಒರೆಸಿದೆ. ಅಷ್ಟಕ್ಕೆ ಎದ್ದುಹೋಗಿದ್ದರೆ ಸಾಕಿತ್ತು. ಕಂದು ಬಣ್ಣ ಹೋಗಲಿಲ್ಲ, ತುಕ್ಕು ಎಂದುಕೊಂಡು ಉಪ್ಪುಕಾಗದ ತಂದೆ. ಮೊದಲು ಒರಟು, ಆಮೇಲೆ ನಯದ್ದು, ಕೊನೆಗೆ ಹುಣಸೆಹಣ್ಣು. ಸಂಜೆಗೆ ನಳಿಗೆ ಸ್ಟೀಲ್ ಲೋಟದಂತೆ ಫಳಫಳ.

ಆ ಕಂದು ತುಕ್ಕೇ, ಸುಳ್ಳಲ್ಲ. ಆದರೆ ಮಾಡಿದವರೇ ಬೇಕೆಂದು ಬರಿಸಿದ್ದು. ಹಾಗೆ ಗೆರೆ ಇರುವುದಕ್ಕೆ ಡಮಾಸ್ಕಸ್ ನಳಿಗೆ ಎನ್ನುತ್ತಾರೆ; ಅದಕ್ಕೆ ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ, ಕಾಯಿಸಿ ಬಡಿದು ಬೆಸೆಯುತ್ತಿದ್ದರು. ಮೇಲ್ಮೈ ಹದವಾಗಿ ಕಂದಿದರೆ ಮಾತ್ರ ಹೊಸೆತದ ಗೆರೆ ಕಾಣುತ್ತದೆ. ಅದು ಹೋಯಿತು. ಎರಡು ನಳಿಗೆಗಳ ನಡುವಿನ ಪಟ್ಟಿಯಲ್ಲಿ ತಯಾರಕನ ಹೆಸರು, ಬೀದಿ ಇದ್ದವು; ಅವೂ ಹೋಗಿ ಊರಿನ ಹೆಸರಿನ ‘ಹ್ಯಾಮ್’ ಎಂಬ ಬಾಲ ಉಳಿಯಿತು. ಅಂಗಡಿ ಯಾವ ಬೀದಿಯಲ್ಲಿದ್ದಾಗ ಮಾಡಿದ್ದು ಎಂಬುದರಿಂದಲೇ ಎಷ್ಟೋ ಕೋವಿಗಳ ಕಾಲ ಗೊತ್ತಾಗುತ್ತದೆ. ವ್ಯಾಪಾರಿ ಕೋವಿಯನ್ನು ಎರಡು ಸಲ ತಿರುಗಿಸಿ ನೋಡಿ, ಕನ್ನಡಕ ತೆಗೆದು, ‘ಪೂಜೆ ಚೆನ್ನಾಗಿ ಆಯಿತಾ ಸಾರ್?’ ಎಂದರು. ಕೊಡುತ್ತೇನೆಂದದ್ದು ಮೊದಲು ಹೇಳಿದ್ದರ ಮೂರರಲ್ಲಿ ಒಂದು ಪಾಲು.

ನಳಿಗೆಯ ಬುಡದ ಅಡಿಯ ಚಪ್ಪಟೆ ಜಾಗಕ್ಕೆ ನನ್ನ ಉಪ್ಪುಕಾಗದ ಹೋಗಿರಲಿಲ್ಲ. ಬಿಚ್ಚಿದಾಗ ಅಲ್ಲಿ ‘ನಾಟ್ ಫಾರ್ ಬಾಲ್’, ಅಂದರೆ ಒಂಟಿ ಗುಂಡಿಗಲ್ಲ, ಎಂದಿತ್ತು. ನಳಿಗೆ ಮದ್ದಿನ ಒತ್ತಡ ತಡೆಯುತ್ತದೆಯೇ ಎಂದು ನೋಡುವ ಇಂಗ್ಲೆಂಡಿನ ಪರೀಕ್ಷಾಗೃಹಗಳು ಆ ಮುದ್ರೆ ಒತ್ತಿದ್ದು 1875ರಿಂದ 1887ರವರೆಗೆ. ಕಿರೀಟದ ಗುರುತಿನ ಕೆಳಗೆ ‘ಎನ್‌ಪಿ’ (ನೈಟ್ರೊ ಪ್ರೂಫ್) ಇದ್ದರೆ ಅದು ಬರ್ಮಿಂಗ್‌ಹ್ಯಾಮ್‌ನಲ್ಲಿ 1904ರ ನಂತರ ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಇಂಥ ತೋಟಾ ಕೋವಿಗಳು ಬಳಕೆಗೆ ಬಂದದ್ದು ಅರ್ಧ ಶತಮಾನದ ಮೇಲೆ. ಚಿಕ್ಕಪ್ಪನಿಗೆ ನೀವೇ ಹೇಳಿ.

ಇನ್ನು ಬೆಲೆ. ಅದು ನೀವು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ತಾತ ತೀರಿಕೊಂಡು ಎರಡು ವರ್ಷವಾಯಿತು ಎಂದು ಬರೆದಿದ್ದೀರಿ. ಅವರ ಪರವಾನಗಿ ಅವರೊಂದಿಗೇ ಹೋಯಿತು. ಈ ಹೊತ್ತಿನಲ್ಲಿ ಆ ಕೋವಿಯಿಂದ ನಿಮಗೆ ಹುಟ್ಟುವುದು ಒಂದು ಕ್ರಿಮಿನಲ್ ಕೇಸು. 1959ರ ಆಯುಧ ಕಾಯ್ದೆಯಂತೆ ತಡಮಾಡದೆ ಠಾಣೆಯಲ್ಲಿ ಠೇವಣಿ ಇಡಬೇಕು. ಹೆಗಲಿಗೇರಿಸಿಕೊಂಡು ಬಸ್ಸು ಹತ್ತಬೇಡಿ, ಮೊದಲು ಠಾಣೆಗೆ ಫೋನ್ ಮಾಡಿ, ತಾತನ ಪರವಾನಗಿ ಪುಸ್ತಕ, ಮರಣ ಪ್ರಮಾಣಪತ್ರ ಹಿಡಿದುಕೊಳ್ಳಿ. ವಾರಸುದಾರರಾಗಿ ಪರವಾನಗಿಗೆ ಅರ್ಜಿ ಜಿಲ್ಲಾಧಿಕಾರಿ ಕಚೇರಿಗೆ. ಮಾರುವುದಾದರೂ ಪರವಾನಗಿ ಇದ್ದವರಿಗೆ ಮಾತ್ರ. ಕೊಳ್ಳುವವರೇ ಕಡಿಮೆ, ಹಾಗಾಗಿ ವಿದೇಶದ ಹರಾಜಿನ ಅಂಕಿ ನೋಡಿ ಕನಸು ಕಾಣಬೇಡಿ.

ಪೆಟ್ಟಿಗೆಯನ್ನೂ ಠಾಣೆಯಲ್ಲೇ ತೋರಿಸಿ. ತೋಟಾ ತಯಾರಿಸುವ ಯಂತ್ರವೂ ಕಾಯ್ದೆಯ ಅರ್ಥದಲ್ಲಿ ಮದ್ದುಗುಂಡೇ. ಮೇಜಿನ ಅಂಚಿಗೆ ಬಿಗಿದು ತೋಟಾದ ಬಾಯಿ ಮಡಿಸುವ ತಿರುಗಣಿಯನ್ನು ನಮ್ಮ ಅಮ್ಮ ಚಕ್ಕುಲಿ ಒರಳಿನ ಭಾಗವೆಂದು ಅಡುಗೆಮನೆಯಲ್ಲಿ ಇಟ್ಟಿದ್ದರು! ಡಿಕ್ಸನ್, ಹಾಕ್ಸ್‌ಲಿ ಎಂಬ ಹೆಸರಿದ್ದರೆ ಶೆಫೀಲ್ಡಿನ ಸರಕು, ಸಂಗ್ರಹಕಾರರು ಕೇಳುತ್ತಾರೆ. ತೂಕದ ಹಿತ್ತಾಳೆಯಾಗಿ ಹಾಕಬೇಡಿ. ಪೆಟ್ಟಿಗೆಯಲ್ಲಿ ಅಳತೆಯ ಬಟ್ಟಲುಗಳಿದ್ದರೆ ಅವು ಹಳೆಯ ಕಾಲದ ಕರಿಮದ್ದಿನವು. ಅದೇ ಬಟ್ಟಲಲ್ಲಿ ಅದಕ್ಕಿಂತ ಬಲವಾದ ಈಗಿನ ಹೊಗೆರಹಿತ ಮದ್ದು ಅಳೆದು ತುಂಬಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. ಕಾಗದದ ತೋಟಾಗಳ ಹಿತ್ತಾಳೆ ಬುಡದಲ್ಲಿ ‘ಐಸಿಐ’ (ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಎಂಬ ಬ್ರಿಟಿಷ್ ಕಂಪನಿ) ಎಂದಿದ್ದರೆ 1926ಕ್ಕಿಂತ ಈಚಿನವು. ಅಷ್ಟು ಓದಿ ಕೆಳಗಿಡಿ, ಬಿಚ್ಚಬೇಡಿ, ಬಿಸಿಲಿಗೆ ಹಾಕಬೇಡಿ.

ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಗಡಿಯ ಚೀಟಿ ಅಂಟಿದ್ದರೆ ಅದರ ಫೋಟೋ ಇವತ್ತೇ ಹಾಕಿ. ಕೋವಿಯದು ಠಾಣೆಯ ರಸೀದಿ ಕೈಗೆ ಬಂದ ಮೇಲೆ.