ಪೈಚಾರ್ಮ್‌ನಲ್ಲಿ ಪಾಸ್ ಆಗುವ ಟೆಸ್ಟ್ ಟರ್ಮಿನಲ್‌ನಲ್ಲಿ ಯಾಕೆ ಬೀಳುತ್ತದೆ?

ಪೈಚಾರ್ಮ್‌ನಲ್ಲಿ (ಪೈಥಾನ್ ಕೋಡ್ ಬರೆಯುವ ಎಡಿಟರ್) ಹಸಿರು ಬಟನ್ ಒತ್ತಿದರೆ ಎಲ್ಲ ಟೆಸ್ಟ್ ಪಾಸ್, ಟರ್ಮಿನಲ್‌ನಲ್ಲಿ ಪೈಟೆಸ್ಟ್ (ಟೆಸ್ಟ್ ಓಡಿಸುವ ಟೂಲ್) ಓಡಿಸಿದರೆ 'ಮಾಡ್ಯೂಲ್ ನಾಟ್ ಫೌಂಡ್ ಎರರ್' (ಇಂಪೋರ್ಟ್ ಮಾಡಿದ ಕೋಡ್ ಸಿಗಲಿಲ್ಲ ಅಂತ), ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಕೋಡ್ ಸರಿಯಾಗಿಯೇ ಇರಬಹುದು. ಇದೇ ಎರರ್ ಎದುರು ನಾನೂ ಒಂದು ಇಡೀ ಮಧ್ಯಾಹ್ನ ಕೂತಿದ್ದೇನೆ.

ಪ್ರಾಜೆಕ್ಟ್‌ನ ಮೇಲಿನ ಫೋಲ್ಡರ್‌ಗೆ ಹೋಗಿ, ಬರೀ 'ಪೈಟೆಸ್ಟ್' ಬದಲು 'ಪೈಥಾನ್ -ಎಮ್ ಪೈಟೆಸ್ಟ್' ಅಂತ ಓಡಿಸಿ. (ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.) ಹೀಗೆ ಓಡಿಸಿದಾಗ ಪೈಥಾನ್ ನೀವು ನಿಂತ ಫೋಲ್ಡರ್‌ನಲ್ಲೂ ಮಾಡ್ಯೂಲ್ ಹುಡುಕುತ್ತದೆ. ಬರೀ ಪೈಟೆಸ್ಟ್ ಅಂದರೆ ಅದು ಸಾಮಾನ್ಯವಾಗಿ ಟೆಸ್ಟ್ ಫೈಲ್ ಇರುವ ಫೋಲ್ಡರನ್ನು ಮಾತ್ರ ಮಾಡ್ಯೂಲ್ ಹುಡುಕುವ ಜಾಗಗಳ ಪಟ್ಟಿಗೆ ಸೇರಿಸುತ್ತದೆ. ಪೈಚಾರ್ಮ್ ಪ್ರಾಜೆಕ್ಟ್ ಫೋಲ್ಡರನ್ನು ಆ ಪಟ್ಟಿಗೆ ಸೇರಿಸುವ ಕೆಲಸವನ್ನು ತಾನೇ ಸದ್ದಿಲ್ಲದೆ ಮಾಡಿಕೊಡುತ್ತದೆ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ಪ್ರತಿ ಸಲ ಉದ್ದ ಟೈಪ್ ಮಾಡಲು ಬೇಜಾರಾದರೆ, ಪೈಟೆಸ್ಟ್ 7.0ರಿಂದ ಈಚೆಗೆ ಪೈಟೆಸ್ಟ್ ಡಾಟ್ ಐಎನ್ಐ ಫೈಲ್‌ನಲ್ಲಿ '[ಪೈಟೆಸ್ಟ್]' ಅನ್ನುವ ತಲೆಬರಹದ ಕೆಳಗೆ 'ಪೈಥಾನ್‌ಪಾತ್ = .' ಅಂತ ಒಂದು ಸಾಲು ಹಾಕಿದರೆ ಸಾಕು.

ಒಂದೇ ಟೆಸ್ಟ್ ಓಡಿಸುವುದು ಹೇಗೆ ಅಂತಲೂ ಕೇಳಿದ್ದೀರಲ್ವಾ? ಫೈಲ್ ಹೆಸರು, ಎರಡು ಕೋಲನ್, ಆಮೇಲೆ ಫಂಕ್ಷನ್ ಹೆಸರು. ನಾನು ಜಾಸ್ತಿ ಬಳಸುವುದು '-ಕೆ'. '-ಕೆ ಬಿಲ್' ಅಂದರೆ ಹೆಸರಿನಲ್ಲಿ ಬಿಲ್ ಇರುವವು ಮಾತ್ರ ಓಡುತ್ತವೆ. '-ಎಕ್ಸ್' ಹಾಕಿದರೆ ಮೊದಲ ಟೆಸ್ಟ್ ಬಿದ್ದ ಕೂಡಲೇ ನಿಲ್ಲುತ್ತದೆ. '--ಎಲ್ಎಫ್' ಹಾಕಿದರೆ ಹೋದ ಸಲ ಬಿದ್ದವನ್ನಷ್ಟೇ ಮತ್ತೆ ಓಡಿಸುತ್ತದೆ. ಇವೆರಡನ್ನೂ ಒಟ್ಟಿಗೆ ಹಾಕಿ ಒಂದೊಂದೇ ಸರಿಮಾಡುತ್ತಾ ಹೋಗುವುದು ನನಗೆ ರೂಢಿಯಾಗಿಬಿಟ್ಟಿದೆ.

ನೀವು ಕೇಳದಿದ್ದರೂ ಒಂದು ಮಾತು. ಟರ್ಮಿನಲ್‌ನಲ್ಲಿ ಮುಖ್ಯವಾದದ್ದು ಹಸಿರು ಬಣ್ಣ ಅಲ್ಲ, ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಅದು ಕೊಡುವ ಅಂಕಿ. ಎಲ್ಲ ಪಾಸ್ ಆದರೆ 0, ಯಾವುದಾದರೂ ಬಿದ್ದರೆ 1, ಒಂದು ಟೆಸ್ಟೂ ಸಿಗದಿದ್ದರೆ 5. ಹಿಂದೊಮ್ಮೆ ನಮ್ಮ ಟೀಮಿನ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಲಾಗ್ ಉಳಿಯಲಿ ಅಂತ ಪೈಟೆಸ್ಟ್ ಮುಂದೆ ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ '|' ಗುರುತು) ಹಾಕಿ 'ಟೀ' (ಔಟ್‌ಪುಟ್ ತೋರಿಸುತ್ತಾ ಫೈಲ್‌ಗೂ ಬರೆಯುವ ಕಮಾಂಡ್) ಸೇರಿಸಿದೆ. ಸುಮ್ನೆ ಒಂದು ಸಣ್ಣ ಬದಲಾವಣೆ ಅಂದುಕೊಂಡಿದ್ದೆ. ಆದರೆ ಪೈಪ್ ಇದ್ದಾಗ ಶೆಲ್ ನೋಡುವುದು ಕೊನೆಯ ಕಮಾಂಡ್‌ನ ಕೋಡನ್ನು. 'ಟೀ'ಗೆ ಲಾಗ್ ಬರೆದರೆ ಮುಗಿಯಿತು, ಅದು ಖುಷಿಯಾಗಿ 0 ಕೊಡುತ್ತದೆ. ಒಳಗೆ ಟೆಸ್ಟ್‌ಗಳು ಬೀಳುತ್ತಿದ್ದರೂ ಬಿಲ್ಡ್ ಎರಡು ವಾರ ಪಾಸ್ ಅಂತಲೇ ತೋರಿಸಿತು. ಲಾಗ್ ತೆರೆದು ನೋಡಿದವರು ಯಾರೂ ಇಲ್ಲ, ನಾನೂ ಸೇರಿ! ಬ್ಯಾಷ್ ಸ್ಕ್ರಿಪ್ಟ್‌ನ ಮೇಲ್ಗಡೆ 'ಸೆಟ್ -ಓ ಪೈಪ್‌ಫೇಲ್' (ಪೈಪ್‌ನಲ್ಲಿ ಯಾವ ಕಮಾಂಡ್ ಬಿದ್ದರೂ ಬಿದ್ದಂತೆಯೇ ಲೆಕ್ಕ) ಬರೆದ ಮೇಲೆ ಸರಿಹೋಯಿತು.

'-ಎಮ್' ಹಾಕಿದರೂ ನಿಮ್ಮ ಎರರ್ ಹೋಗದಿದ್ದರೆ, ಟರ್ಮಿನಲ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟ್‌ಗೇ ಬೇರೆಯಾಗಿ ಇಟ್ಟ ಪೈಥಾನ್ ಮತ್ತು ಪ್ಯಾಕೇಜ್‌ಗಳು) ಆನ್ ಆಗಿದೆಯಾ ನೋಡಿ. ಪೈಚಾರ್ಮ್ ಒಂದು ಪೈಥಾನ್, ಟರ್ಮಿನಲ್ ಇನ್ನೊಂದು ಪೈಥಾನ್ ಬಳಸುತ್ತಿರಬಹುದು. 'ವಿಚ್ ಪೈಥಾನ್' ಅಂತ ಕೊಟ್ಟರೆ ಗೊತ್ತಾಗುತ್ತದೆ, ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಆದರೆ 'ವೇರ್ ಪೈಥಾನ್'.